ಬೋರಲು ಕೊಡ

"ಬೋರಲ ಕೊಡ ಬಂತು! ಬೋರಲ ಕೊಡ ಬಂತು!"

ಹುಸೇನಮ್ಮ ಸ್ಕೂಲಿನ ಹೊಸ್ತಿಲು ದಾಟಿದ್ದೇ ತಡ, ಮೂರನೇ ಕ್ಲಾಸಿನ ಮಕ್ಕಳೆಲ್ಲ ಕೂಗತೊಡಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಗಾದಿ. ಅವಳ ಪೂರ್ತಿ ಹೆಸರು ಗಾದಿಲಿಂಗಮ್ಮ. ಅಷ್ಟುದ್ದ ಹೆಸರು ಹಿಡಿದು ಕರೆಯುವ ಪುರುಸೊತ್ತು ಯಾರಿಗೂ ಇರಲಿಲ್ಲ.

"ಏ ಹುಸೇನೀ, ನಿಮ್ಮ ಮನಿಯಾಗ ನೀರು ಎದರಾಗ ಹಿಡಿತೀರಿ? ಕೊಡ ಬೋರಲ ಬಿದ್ದೈತೆಲ್ಲ!" ಎಂದಳು ಗಾದಿ.

ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಹುಸೇನಮ್ಮ ಪಾಟಿಯನ್ನು ಎದೆಗವಚಿಕೊಂಡು ಹೋಗಿ ಗೋಡೆ ಪಕ್ಕ ಕೂತಳು. ಅಷ್ಟರಲ್ಲಿ ಆದೆಪ್ಪ ಮೇಷ್ಟ್ರು ಬೆತ್ತ ಆಡಿಸುತ್ತ ಬಂದರು. ಕ್ಲಾಸು ಗಪ್‌ಚಿಪ್ ಆಯಿತು.

ಗಾದಿಗೆ ಅಷ್ಟು ಜೋರು ಸುಮ್ಮನೆ ಬಂದದ್ದಲ್ಲ. ಅವಳಪ್ಪ ಮಾರಣ್ಣ ಬೆಂಕಿ ಕಂಪೆನಿಯ ಯಜಮಾನ.

ಬೆಂಕಿ ಕಂಪೆನಿ ಅಂದಕೂಡಲೇ ದೊಡ್ಡ ಆಫೀಸು, ಗಂಟೆ ಬಾರಿಸುತ್ತ ಓಡುವ ಮೋಟಾರು ಎಂದೆಲ್ಲ ಅಂದುಕೊಳ್ಳಬೇಡಿ. ಇದು ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಅಲ್ಲಿನ ಅರಳೆ ಓಣಿಯವರು ತಾವೇ ಕಟ್ಟಿಕೊಂಡಿದ್ದ ಕಂಪೆನಿ. ಸಂಬಳ ಇಲ್ಲ, ಡ್ರೆಸ್ಸು ಇಲ್ಲ. ಯಜಮಾನನ ತಲೆಗೊಂದು ಕೆಂಪು ರುಮಾಲು, ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು, ಮನೆಗೊಂದು ಮಣ್ಣಿನ ಕೊಡ. ಕಂಪೆನಿಯ ಆಸ್ತಿ ಅಂದರೆ ಇಷ್ಟೇ.

ಆದರೆ ಆ ಓಣಿಗೆ ಅಂಥದೊಂದು ಕಂಪೆನಿ ಬೇಕೇ ಬೇಕಿತ್ತು. ಹತ್ತಿ ಸುಗ್ಗಿ ಬಂತೆಂದರೆ ಆಸ್ಪರಿ, ಪತ್ತಿಕೊಂಡದ ಕಡೆಯ ಗಾಡಿಗಳು ಸಾಲುಸಾಲಾಗಿ ಆ ಓಣಿಯಲ್ಲೇ ಹಾದು ಬೀಜ ಬಿಡಿಸುವ ಹತ್ತಿ ಜಿನ್ನಿಗೆ ಹೋಗುತ್ತಿದ್ದವು. ಅರಳೆಯ ಎಳೆ ಹಾರಿ ಬೇಲಿಗೆ, ಸೂರಿಗೆ, ಎತ್ತಿನ ಕೊಂಬಿಗೆ, ಕಟ್ಟೆಯ ಮೇಲೆ ಕೂತ ಅಜ್ಜಂದಿರ ಮೀಸೆಗೆ ಕೂಡ ಅಂಟುತ್ತಿತ್ತು. ಅದಕ್ಕೆ ಒಂದು ಕಿಡಿ ಬಿದ್ದರೆ ಸಾಕು. ಗಾದಿ ಹುಟ್ಟುವುದಕ್ಕೆ ಮುಂಚೆ ಒಂದು ಬೇಸಿಗೆಯಲ್ಲಿ ಹಾಗೇ ಆಗಿ, ಅರ್ಧ ಓಣಿ ಸುಟ್ಟುಹೋಗಿತ್ತು. ಬಾವಿಯಿಂದ ನೀರು ಸೇದಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಗ ಓಣಿಯವರು ಬೂದಿಯ ನಡುವೆ ನಿಂತೇ ಒಂದು ಕಟ್ಟು ಮಾಡಿಕೊಂಡರು. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಕೊಡ ನೀರು ತುಂಬಿ ಇಟ್ಟಿರಬೇಕು. ಗುರುತಿಗೆ ಅದರ ಕುತ್ತಿಗೆಗೆ ಕೆಮ್ಮಣ್ಣಿನ ಪಟ್ಟಿ. ಆ ನೀರು ಕುಡಿಯುವ ಹಾಗಿಲ್ಲ, ಕೈಕಾಲು ತೊಳೆಯುವ ಹಾಗಿಲ್ಲ. ಬೆಂಕಿ ಬಿದ್ದಾಗ ಮೊದಲು ಈ ಕೊಡಗಳು. ಬಾವಿಯಿಂದ ಜನ ಸಾಲು ಹಿಡಿದು ನೀರು ಸಾಗಿಸುವವರೆಗೆ ಉರಿಯನ್ನು ಅಲ್ಲೇ ತಡೆಯುವುದು ಅವುಗಳ ಕೆಲಸ.

ದಿನಾ ಸಂಜೆ ಮಾರಣ್ಣ ಕೆಂಪು ರುಮಾಲು ಸುತ್ತಿಕೊಂಡು ರೌಂಡು ಹೊರಡುತ್ತಿದ್ದ. ಬೆರಳ ಗೆಣ್ಣಿನಿಂದ ಪ್ರತಿ ಮನೆಯ ಕೊಡ ಬಡಿದು ನೋಡುತ್ತಿದ್ದ. ಮುಚ್ಚಳ ತೆಗೆಯುವ ಕೆಲಸವೇ ಇರಲಿಲ್ಲ. ತುಂಬಿದ ಕೊಡ "ದಬ್" ಎನ್ನುತ್ತಿತ್ತು, ಖಾಲಿ ಕೊಡ "ಠಣ್" ಎನ್ನುತ್ತಿತ್ತು.

ಠಣ್ ಎಂದಿತೋ, ಆ ಕೊಡವನ್ನು ಮನೆಯವರೇ ಒಯ್ದು ಬೇವಿನ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಶುಕ್ರವಾರದವರೆಗೆ ಅದು ಅಲ್ಲೇ ಇರಬೇಕು. ಬೈಗುಳ ಇಲ್ಲ, ದಂಡ ಇಲ್ಲ. ಆದರೆ ಹೋಗುವವರು ಬರುವವರು ನೋಡುತ್ತಾರಲ್ಲ, ಅದಕ್ಕಿಂತ ಬೆನ್ನಿಗೆ ಎರಡು ಏಟು ತಿನ್ನುವುದೇ ವಾಸಿ ಎನ್ನುತ್ತಿದ್ದರು ಜನ.

ಈ ವಾರ ಹಾಗೆ ಬಿದ್ದದ್ದು ಮೌಲಾಲಿಯ ಮನೆಯ ಕೊಡ. ಮೌಲಾಲಿ ಹತ್ತಿ ಹಿಂಜುವವನು, ಹುಸೇನಮ್ಮನ ಅಪ್ಪ. ಠಣ್ ಎಂದಾಗ ಅವನು ಒಂದು ಮಾತೂ ಆಡದೆ ಕೊಡ ಎತ್ತಿಕೊಂಡು ಹೋಗಿ ಬೋರಲು ಹಾಕಿದ್ದ. ಬಾಗಿಲಿಗೆ ಬೇರೆ ಕೊಡ ತುಂಬಿ ಇಟ್ಟಿದ್ದ.

ಇನ್ನೊಂದು ವಿಷಯ ಹೇಳಬೇಕು. ಮಾರಣ್ಣನ ರೌಂಡು ಶುರುವಾಗುತ್ತಿದ್ದದ್ದು ಪಕ್ಕದ ಗಂಗಕ್ಕನ ಗುಡಿಸಲಿನಿಂದ. ತನ್ನ ಮನೆಯ ಕೊಡ ಅವನು ಬಡಿಯುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನಮ್ಮದೇನು ಬಡಿಯಾದೈತಿ? ನನ್ನ ಮಗಳು ತುಂಬ್ಯಾಳ" ಎಂದು ಮೀಸೆಯೊಳಗೆ ನಗುತ್ತಿದ್ದ.

ಗಾದಿಯ ಅವ್ವ ಬಸವಕ್ಕ ಬಾಣಂತನಕ್ಕೆಂದು ಆಸ್ಪರಿಯ ತವರಿಗೆ ಹೋಗಿದ್ದಳು. ಅಂದಿನಿಂದ ಮನೆಯ ನೀರು ಗಾದಿಯ ಪಾಲಿಗೆ ಬಿದ್ದಿತ್ತು. ಬೇಸಿಗೆಯಲ್ಲಿ ಬಾವಿಯ ನೀರು ಪಾತಾಳಕ್ಕೆ ಇಳಿದಿತ್ತು. ಹಗ್ಗ ಎಳೆದು ಎಳೆದು ಅಂಗೈ ಉರಿಯುತ್ತಿತ್ತು. ಸಾಲಿನಲ್ಲಿ ದೊಡ್ಡ ಹೆಂಗಸರು, "ನೀ ಸಣ್ಣಾಕಿ, ತಡೀ ಬೇ" ಎಂದು ಅವಳನ್ನು ಹಿಂದೆ ತಳ್ಳುತ್ತಿದ್ದರು.

ಆ ದಿನ ಸ್ಕೂಲು ಬಿಡುವಾಗ ಆದೆಪ್ಪ ಮೇಷ್ಟ್ರು ಹೇಳಿದರು: "ನಾಳೆ ಬಳ್ಳಾರಿಯಿಂದ ಸ್ಕೂಲ್ ಇನ್ಸ್‌ಪೆಕ್ಟರ್ ಬರ್ತಾರ. ಎಲ್ಲರೂ ಬಟ್ಟಿ ಒಗದು ಹಾಕ್ಕೊಂಡು ಬರ್ರಿ. ಮಾಸಿದ ಬಟ್ಟಿ ಕಂಡ್ರ ಹೊರಗ ನಿಲ್ಲಿಸ್ತೀನಿ."

ಗಾದಿಗೆ ಇದ್ದದ್ದು ಒಂದೇ ಒಳ್ಳೆಯ ಲಂಗ. ಹಸಿರು ಅಂಚಿನ ಬಿಳಿ ಲಂಗ. ಬಿಳಿ ಎಂದು ಹೆಸರಿಗಷ್ಟೇ, ಅದರ ಮೇಲೆ ಓಣಿಯ ಧೂಳೆಲ್ಲ ಇತ್ತು. ಮನೆಗೆ ಬಂದವಳು ಮೊದಲು ಗೆಳತಿಯರ ಜೊತೆ ಕಲ್ಲಾಟ ಆಡಿದಳು. ಆಡುತ್ತ ಆಡುತ್ತ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ನೆನಪಾಗಿ ಒಳಗೆ ಓಡಿ ನೋಡಿದರೆ ಮನೆಯಲ್ಲಿ ಕುಡಿಯುವ ನೀರು ಬಿಟ್ಟರೆ ಒಂದು ಹನಿ ಇಲ್ಲ. ಬಾವಿಯ ಸಾಲು ನೋಡಿದರೆ ಬೇವಿನ ಮರದ ತನಕ ಬಂದಿದೆ.

ಬಾಗಿಲ ಪಕ್ಕ ಕೆಮ್ಮಣ್ಣು ಪಟ್ಟಿಯ ಕೊಡ ತಣ್ಣಗೆ ಕೂತಿತ್ತು.

ಗಾದಿ ಆ ಕಡೆ ಈ ಕಡೆ ನೋಡಿದಳು. 'ನಾಳೆ ತುಂಬಿಬಿಡ್ತೀನಿ. ಅಪ್ಪ ನಮ್ಮ ಕೊಡ ಎಲ್ಲಿ ಬಡೀತಾನ?' ಎಂದುಕೊಂಡಳು. ಹೌದು, ಆ ಮಾತು ಅವಳ ಮನಸ್ಸಿಗೆ ಬಂದಿತ್ತು. ಆಮೇಲೆ ಎಷ್ಟು ಅತ್ತರೂ ಅದು ಬಂದದ್ದು ಸುಳ್ಳಾಗಲಿಲ್ಲ.

ಹಿತ್ತಲಿಗೆ ಕೊಡ ಹೊತ್ತೊಯ್ದು, ಸೌಳುಮಣ್ಣು ಹಾಕಿ ತಿಕ್ಕಿ ತಿಕ್ಕಿ ಲಂಗ ಒಗೆದಳು. ಲಂಗ ಮಲ್ಲಿಗೆಯ ಹಾಗೆ ಬೆಳ್ಳಗಾಯಿತು. ಖಾಲಿ ಕೊಡವನ್ನು ತಂದು ಮೊದಲಿದ್ದ ಹಾಗೇ ಇಟ್ಟು ಮುಚ್ಚಳ ಮುಚ್ಚಿದಳು.

ಮರುದಿನ ಇನ್ಸ್‌ಪೆಕ್ಟರ್ ಬಂದರು. ಗಾದಿಯ ಲಂಗ ನೋಡಿ, "ಗುಡ್! ವೆರಿ ಗುಡ್!" ಎಂದರು. ಗಾದಿ ಉಬ್ಬಿಹೋದಳು. ಆ ಉಬ್ಬಿನಲ್ಲಿ ಕೊಡ ಮರೆತೇಹೋಯಿತು. ನೆನಪಾದದ್ದು ಸಂಜೆ, ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ಬಂದಾಗ. ಅಪ್ಪ ಕೊಡದ ಪಕ್ಕದಲ್ಲೇ ನಿಂತು ಚಪ್ಪಲಿ ಮೆಟ್ಟಿ, ಅದರ ಕಡೆ ನೋಡದೆ ಗಂಗಕ್ಕನ ಬಾಗಿಲಿಗೆ ಹೋದ. ದಬ್ ಎಂಬ ಸದ್ದು ಕೇಳಿತು. ಗಾದಿಗೆ ಹೋದ ಜೀವ ಬಂದಂತಾಯಿತು. 'ನಾಳೆ ಖರೇನ ತುಂಬ್ತೀನಿ' ಎಂದುಕೊಂಡಳು.

ನಾಳೆ ಬಂತು. ಬೆಳಗಿನ ಸ್ಕೂಲು ಮುಗಿಸಿ ಮನೆಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಬಿಸಿಲು ಇಳಿದ ಮೇಲೆ ಹೋದರಾಯಿತೆಂದು ಗಾದಿ ಒಳಗೆ ಅಡ್ಡಾದಳು.

ಟಣ ಟಣ ಟಣ ಟಣ!

ರೈಲು ಕಂಬಿ ಬಡಿಯುವ ಸದ್ದು. ಗಾದಿ ಧಡಕ್ಕನೆ ಎದ್ದು ಹೊರಗೆ ಓಡಿದಳು.

ಗಂಗಕ್ಕನ ಗುಡಿಸಲ ಹಿಂದಿನಿಂದ ಹೊಗೆ ಏಳುತ್ತಿತ್ತು. ಮುದುಕಿ ಒಲೆಯ ಬೂದಿಯನ್ನು ಹಿತ್ತಲ ತಿಪ್ಪೆಗೆ ಚೆಲ್ಲಿ ಬಂದಿದ್ದಳು. ಬೂದಿಯಲ್ಲಿದ್ದ ಕೆಂಡಕ್ಕೆ ಗಾಳಿ ತಗುಲಿ, ಬೇಲಿಗೆ ಅಂಟಿದ್ದ ಅರಳೆ ಹತ್ತಿಕೊಂಡು, ಉರಿ ಹುಲ್ಲಿನ ಸೂರಿನ ಅಂಚಿಗೆ ಬಂದಿತ್ತು. ಉರಿ ಇನ್ನೂ ಒಂದು ಮೊರದಷ್ಟು ಅಗಲ ಇತ್ತು, ಅಷ್ಟೇ.

ಬೇವಿನ ಮರದಡಿ ಹತ್ತಿ ಹಿಂಜುತ್ತಿದ್ದ ಮೌಲಾಲಿಯೇ ಕಂಬಿ ಬಡಿದವನು. ಬಡಿದವನೇ ಓಡಿಬಂದ. ಹತ್ತಿರ ಇದ್ದದ್ದು ಎರಡೇ ಕೊಡ. ಗಂಗಕ್ಕನ ಕೊಡ ಎತ್ತಿ ಸೂರಿಗೆ ಸುರಿದ. ಉರಿ ಚುಯ್ ಎಂದು ಅರ್ಧ ಅಡಗಿತು.

"ಇನ್ನೊಂದು ಕೊಡ ಸಾಕು! ಜಲ್ದಿ!" ಎಂದು ಕೂಗಿ ಅವನು ಮಾರಣ್ಣನ ಬಾಗಿಲಿಗೆ ನುಗ್ಗಿದ. ತುಂಬಿದ ಕೊಡ ಎತ್ತುವ ಹಾಗೆ ಸೊಂಟ ಬಗ್ಗಿಸಿ, ಬಲ ಹಾಕಿ ಎತ್ತಿದ.

ಕೊಡ ಹಿಂಜಿದ ಅರಳೆಯ ಹಾಗೆ ಹಗುರಾಗಿ ಮೇಲೆ ಬಂತು. ಮೌಲಾಲಿ ಆಯ ತಪ್ಪಿ ಹಿಂದಕ್ಕೆ ಎರಡು ಹೆಜ್ಜೆ ಹೋದ. ಮುಚ್ಚಳ ಕೆಳಗೆ ಬಿದ್ದು ಒಡೆಯಿತು. ಅವನು ಒಂದು ಸಲ ಕೊಡದೊಳಗೆ ನೋಡಿದ, ಒಂದು ಸಲ ಗಾದಿಯನ್ನು ನೋಡಿದ. ಕೊಡ ಕೆಳಗಿಟ್ಟು ಮುಂದಿನ ಮನೆಗೆ ಓಡಿದ.

ಅಷ್ಟೇ ಸಾಕಾಯಿತು. ಗಾಳಿ ಒಂದು ಸಲ ಬೀಸಿತು. ಅಡಗಿದ್ದ ಉರಿ ಎದ್ದು ಸೂರಿನ ನೆತ್ತಿಗೇರಿತು. ಮುಂದಿನ ಮನೆಗಳ ಕೊಡಗಳು ಬಂದವು, ಜಿನ್ನಿನಲ್ಲಿ ಕೂಲಿಗಿದ್ದ ಮಾರಣ್ಣ ಮತ್ತು ಕಂಪೆನಿಯವರು ಓಡಿಬಂದರು, ಬಾವಿಯಿಂದ ಸಾಲು ನಿಂತಿತು, ಕೈಯಿಂದ ಕೈಗೆ ನೀರು ಹರಿಯಿತು. ಬೇರೆ ಯಾವ ಮನೆಗೂ ಬೆಂಕಿ ಹತ್ತಲಿಲ್ಲ. ಆದರೆ ಗಂಗಕ್ಕನ ಗುಡಿಸಲು ಉಳಿಯಲಿಲ್ಲ.

ಗಂಗಕ್ಕ ಬೇವಿನ ಕಟ್ಟೆಗೆ ಆತು ಕೂತಿದ್ದಳು. ಅವಳು ಕೌದಿ ಹೊಲಿದು ಬದುಕುವವಳು. ಓಣಿಯವರು ಹಳೇ ಸೀರೆ ಕೊಟ್ಟರೆ ಪದರ ಪದರ ಇಟ್ಟು ಹೊಲಿದು ಕೊಡುತ್ತಿದ್ದಳು. ಹೊಲಿದ ಕೌದಿಗಳೆಲ್ಲ ಅಟ್ಟದ ಮೇಲಿದ್ದವು. ಮೌಲಾಲಿ ಬೂದಿಯಿಂದ ಒಂದು ಸಣ್ಣ ಕರಕಲು ತುಂಡು ಎಳೆದು ತಂದು ಅವಳ ಮುಂದಿಟ್ಟ.

"ಅಯ್ಯೋ ನಾಯನಾ, ಇದು ಬಸವಕ್ಕನ ಕೂಸಿಂದು" ಎಂದಳು ಗಂಗಕ್ಕ. "ಹುಟ್ಟೋ ಕೂಸಿಗಂತ ಹೊಲಿದಿದ್ದೆ."

ಗಾದಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೋಗಲೂ ಆಗಲಿಲ್ಲ. ತನ್ನ ಬೆಳ್ಳನೆಯ ಲಂಗವನ್ನು ಎರಡೂ ಕೈಯಲ್ಲಿ ಮುದುಡಿ ಹಿಡಿದುಕೊಂಡಳು.

ಕಂಪೆನಿಯ ಹಿರಿಯ ಪಕೀರಪ್ಪ ಗಂಟಲು ಸರಿಮಾಡಿಕೊಂಡ. "ಮಾರಣ್ಣಾ, ಹೆಂಗ ಹೇಳಬೇಕೋ ತಿಳೀವಲ್ದು. ನಿಮ್ಮ ಮನೀ ಕೊಡ ಖಾಲಿ ಇತ್ತಂತಪ್ಪಾ."

ಮಾರಣ್ಣನ ಮುಖದ ಮೇಲೆ ಮಸಿ ಇತ್ತು. ಅವನು ಮೌಲಾಲಿಯ ಕಡೆ ನೋಡಿದ. ಮೌಲಾಲಿ ನೆಲ ನೋಡಿದ. ಮಾರಣ್ಣ ಸುಮ್ಮನೆ ಹೋಗಿ ಕೊಡ ತಂದು, ಕಟ್ಟೆಯ ಮೇಲೆ ಮೌಲಾಲಿಯ ಕೊಡದ ಪಕ್ಕದಲ್ಲೇ ಬೋರಲು ಹಾಕಿದ. ಆಮೇಲೆ ತಲೆಯ ಕೆಂಪು ರುಮಾಲು ಬಿಚ್ಚಿ ಪಕೀರಪ್ಪನ ಕೈಗಿಟ್ಟ.

"ಊರ ಕೊಡ ಎಲ್ಲಾ ಬಡಿದೆ. ನನ್ನದು ಬಡೀಲಿಲ್ಲ. ತಪ್ಪು ನಂದು" ಎಂದ.

ಬರಿದಲೆಯಲ್ಲಿ ಅಪ್ಪನನ್ನು ಓಣಿಯ ನಡುವೆ ಗಾದಿ ಎಂದೂ ನೋಡಿರಲಿಲ್ಲ. ಅವಳಿಗೆ ನಾಚಿಕೆಯಿಂದ ಕಿವಿ ಸುಟ್ಟಂತಾಯಿತು. 'ಅಪ್ಪಂದಲ್ಲ, ನಂದು' ಎನ್ನಬೇಕೆಂದು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

ಮನೆ ಸುಟ್ಟ ಗಂಗಕ್ಕ ಅಂದು ಮಾರಣ್ಣನ ಮನೆಯ ಪಡಸಾಲೆಗೇ ಬಂದು ಉಳಿದಳು. ಪಕ್ಕದ ಮನೆಯವರು ಇರುವುದು ಮತ್ತೆ ಯಾತಕ್ಕೆ? ಬಂದವಳು ಸುಮ್ಮನೆ ಕೂಡಲಿಲ್ಲ. "ತಾಯಿ ಇಲ್ಲದ ಮನಿ, ನಿನ್ನ ತಲಿ ನೋಡು ಗುಬ್ಬಿ ಗೂಡು ಆಗೈತಿ" ಎಂದು ಗಾದಿಯನ್ನು ಎಳೆದು ಕೂರಿಸಿಕೊಂಡು ತಲೆ ಬಾಚಿದಳು.

"ನಿಮ್ಮಪ್ಪ ಅಂಥವನಲ್ಲವ್ವಾ. ಈ ಬಿಸಿಲಿಗೆ ಕೊಡ ಸೀಳಿರಬೇಕು. ನೀರೆಲ್ಲ ಸೋರಿ ಹೋಗೈತಿ" ಎಂದಳು ಬಾಚುತ್ತ.

ಗಾದಿ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮುದುಕಿಯ ಕೈ ಮೆತ್ತಗಿತ್ತು. ಅವಳು ಜೋರಾಗಿ ಜಡೆ ಎಳೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಗಾದಿ ಕಂಡದ್ದೇನು? ಅಪ್ಪ ಒಬ್ಬನೇ ಕಟ್ಟೆಯ ಹತ್ತಿರ ನಿಂತಿದ್ದ. ತಮ್ಮ ಕೊಡ ಎತ್ತಿ, ಅದಕ್ಕೆ ಒಂದು ಚೊಂಬು ನೀರು ಹಾಕಿ, ತಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಬೆರಳಿನಿಂದ ಸವರಿ ನೋಡಿದ. ಒಂದು ಹನಿಯೂ ಸೋರಲಿಲ್ಲ. ನೀರನ್ನು ಬೇವಿನ ಬೇರಿಗೆ ಚೆಲ್ಲಿ, ಕೊಡವನ್ನು ಮತ್ತೆ ಬೋರಲು ಹಾಕಿದ. ತಿರುಗಿದಾಗ ಗಾದಿ ಕಂಡಳು.

ಅಪ್ಪ ಬೈಯಲಿಲ್ಲ, ಕೇಳಲಿಲ್ಲ. "ಹೊತ್ತಾತು, ಸ್ಕೂಲಿಗೆ ಹೋಗು" ಎಂದ. ಅಪ್ಪನಿಗೆ ಗೊತ್ತಾಗಿತ್ತು. ಗೊತ್ತಾದದ್ದು ಗಾದಿಗೂ ಗೊತ್ತಾಯಿತು.

ಸ್ಕೂಲಿನ ಬಾಗಿಲಲ್ಲಿ ಅವಳ ಕ್ಲಾಸಿನ ಓಬಳೇಶ ಕಾಯುತ್ತಿದ್ದ. "ಬೋರಲ ಕೊಡ ಬಂತು! ದೊಡ್ಡ ಬೋರಲ ಕೊಡ ಬಂತು!" ಎಂದು ಶುರುಮಾಡಿದ. ಮಕ್ಕಳೆಲ್ಲ ದನಿಗೂಡಿಸಿದರು. ಆ ರಾಗ ಗಾದಿಗೆ ಚೆನ್ನಾಗಿ ಗೊತ್ತಿತ್ತು, ಕಲಿಸಿದವಳೇ ಅವಳು. ಕೂಗುವವರಲ್ಲಿ ಹುಸೇನಮ್ಮ ಇದ್ದಾಳೇನೋ ಎಂದು ಕಳ್ಳಗಣ್ಣಿನಲ್ಲಿ ನೋಡಿದಳು. ಹುಸೇನಮ್ಮ ಗೋಡೆ ಪಕ್ಕ ಕೂತು ಪಾಟಿ ಒರೆಸುತ್ತಿದ್ದಳು. ಗಾದಿ ಹತ್ತಿರ ಬಂದಾಗ ಒಂದಿಷ್ಟು ಸರಿದು ಜಾಗ ಕೊಟ್ಟಳು.

ತುಂಬ ಹೊತ್ತಾದ ಮೇಲೆ ಹುಸೇನಮ್ಮ ಪಿಸುಗುಟ್ಟಿದಳು. "ನಿಮ್ಮ ಕೊಡಾನೂ ಸೀಳಿತ್ತೇನು?"

"ನಿಮ್ಮ ಕೊಡಾನೂ ಅಂದ್ರ?"

"ನಮ್ಮದು ತಳದಾಗ ಸೀಳಿತ್ತು. ಮುಂಜಾನಿ ನಾನ ತುಂಬಿದ್ದೆ. ಸಂಜಿಕ ಎಲ್ಲಾ ಸೋರಿ ಹೋಗಿತ್ತು."

ಗಾದಿ ಬೆಪ್ಪಾದಳು. "ಮತ್ತ ಹೇಳಬೇಕಿಲ್ಲ?"

"ನಮ್ಮ ಅಬ್ಬಾ ಅಂದ, ಖಾಲಿ ಅಂದ್ರ ಖಾಲಿನ, ಬೆಂಕಿ ಏನು ಸೀಳು ನೋಡತೈತೇನು ಅಂತ." ಹುಸೇನಮ್ಮ ಪಾಟಿಯ ಮೇಲೆ ಸುಮ್ಮನೆ ಗೀಟು ಎಳೆದಳು. "ನೀವೂ ಯಾರೂ ಕೇಳಲಿಲ್ಲ. ಬರೇ ನಕ್ಕಿರಿ."

ಹೂಂ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಮ್ಮದೂ ಸೀಳಿತ್ತು ಎಂದಿದ್ದರೆ ಹುಸೇನಮ್ಮ ನಂಬುತ್ತಿದ್ದಳು. ಅವಳು ನಂಬುತ್ತಾಳೆ ಎಂಬುದೇ ಗಾದಿಗೆ ಕಷ್ಟವಾಯಿತು.

"ನಮ್ಮದು ಸೀಳಿಲ್ಲ" ಎಂದಳು. "ಲಂಗ ಒಗಿಯಾಕ ನಾನ ಖಾಲಿ ಮಾಡ್ದೆ."

ಹುಸೇನಮ್ಮ ಅವಳನ್ನು ನೋಡಿದಳು, ಲಂಗವನ್ನು ನೋಡಿದಳು. ಪಾಟಿಯ ಮೇಲಿನ ಗೀಟುಗಳನ್ನೆಲ್ಲ ಅಂಗೈಯಿಂದ ಒರೆಸಿದಳು.

ಸಂಜೆ ಬೇವಿನ ಕಟ್ಟೆಯ ಸುತ್ತ ಕಂಪೆನಿಯವರು ಸೇರಿದ್ದರು. ಗಂಗಕ್ಕನ ಗುಡಿಸಲು ಮತ್ತೆ ಎತ್ತುವ ಮಾತು. ಒಬ್ಬರು ಬಿದಿರು ಅಂದರು, ಒಬ್ಬರು ಹುಲ್ಲು ಅಂದರು. ಮಾತು ಮುಗಿದ ಮೇಲೆ ಪಕೀರಪ್ಪ ಕೆಂಪು ರುಮಾಲು ಹೊರತೆಗೆದ.

"ಮಾರಣ್ಣಾ, ಇದನ್ನ ಸುತ್ತಿಕೋ. ಗಂಗಕ್ಕ ಹೇಳ್ಯಾಳ, ಬಿಸಿಲಿಗೆ ನಿನ್ನ ಕೊಡ ಸೀಳಿತ್ತಂತ. ಅದಕ್ಕ ನೀನೇನು ಮಾಡ್ತೀ?"

"ಹೌದೌದು" ಎಂದರು ಎಲ್ಲರೂ. ಎಲ್ಲರಿಗೂ ಆ ಮಾತು ಬೇಕಾಗಿತ್ತು.

ಮಾರಣ್ಣ ತಲೆ ಅಲ್ಲಾಡಿಸಿದ. "ಸೀಳಿಲ್ಲಪಾ. ನೋಡೀನಿ."

"ಮತ್ತ ನೀರು ಎಲ್ಲಿ ಹೋತು?"

ಮಾರಣ್ಣ ಕಟ್ಟೆಯ ಮೇಲಿನ ಕೊಡದ ಕಡೆ ನೋಡಿದ. ಗಾದಿಯ ಕಡೆ ನೋಡಲಿಲ್ಲ. ಅವನು ನೋಡದೆ ಇದ್ದದ್ದೇ ಗಾದಿಯನ್ನು ಗಂಗಕ್ಕನ ಬೆನ್ನ ಹಿಂದಿನಿಂದ ಹೊರಗೆ ತಂದಿತು.

"ನಾನು ಚೆಲ್ಲೀನಿ" ಎಂದಳು. ಎಲ್ಲರೂ ತಿರುಗಿದರು. "ಇನ್ಸ್‌ಪೆಕ್ಟರ್ ಬರ್ತಾರಂತ ಲಂಗ ಒಗದೆ. ಆ ನೀರಿನಾಗ. ಅಪ್ಪ ನಮ್ಮದು ಬಡಿಯಂಗಿಲ್ಲ ಅಂತ ಗೊತ್ತಿತ್ತು."

ಮೌಲಾಲಿ ತನ್ನ ಹತ್ತಿ ಹಿಂಜುವ ಬಿಲ್ಲಿನ ಹುರಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕೂತಿದ್ದ.

ಮೊದಲು ಬಾಯಿ ಬಿಟ್ಟವಳು ಗಂಗಕ್ಕ. ನಿನ್ನೆ ಮೆತ್ತಗೆ ತಲೆ ಬಾಚಿದ ಗಂಗಕ್ಕ. "ನಿನ್ನ ಲಂಗ ಬೆಳ್ಳಗಾತು, ನನ್ನ ಮನಿ ಕರ್ರಗಾತು" ಎಂದಳು. ಎದ್ದು, ಸೆರಗು ಕೊಡವಿಕೊಂಡು ಮಾರಣ್ಣನ ಪಡಸಾಲೆಗೆ ಹೋದಳು.

ಗಾದಿ ಅತ್ತಳು. ಅಪ್ಪ ಹತ್ತಿರ ಬಂದು ನಿಂತ. ಹೊಡೆಯುತ್ತಾನೆ ಅಂದುಕೊಂಡಳು.

"ಬಡೀದ ಹೋದದ್ದು ನನ್ನ ತಪ್ಪು" ಎಂದ ಅಪ್ಪ. "ಚೆಲ್ಲಿದ್ದು ನಿನ್ನ ತಪ್ಪು. ನಂದು ನಂಗಿರಲಿ, ನಿಂದು ನಿಂಗಿರಲಿ. ಕೊಡ ಮಾತ್ರ ಬರೋ ವಾರದ ಶುಕ್ರವಾರದ ಮಟ ಬೋರಲ ಇರ್ತೈತಿ."

ಮರುದಿನ ಶುಕ್ರವಾರ. ಮೌಲಾಲಿಯ ಕೊಡ ಮನೆಗೆ ಹೋಯಿತು. ಕಟ್ಟೆಯ ಮೇಲೆ ಉಳಿದದ್ದು ಒಂದೇ. ಗಾದಿ ದಿನಾ ಅದರ ಮುಂದೆಯೇ ಹಾದು ಬಾವಿಗೆ ಹೋದಳು, ಅದರ ಮುಂದೆಯೇ ಸ್ಕೂಲಿಗೆ ಹೋದಳು. ಬೇರೆ ದಾರಿ ಇತ್ತು, ಹಿತ್ತಲಿನಿಂದ. ಒಂದು ಸಲ ಆ ದಾರಿ ಹಿಡಿದು, ಅರ್ಧಕ್ಕೆ ತಿರುಗಿ ಬಂದಳು.

ಗಂಗಕ್ಕ ಮಾತು ಬಿಟ್ಟಿದ್ದಳು. ಅದೇ ಪಡಸಾಲೆಯಲ್ಲಿ ಕೂತು ಓಣಿಯವರು ಕೊಟ್ಟ ಹಳೇ ಬಟ್ಟೆಯಲ್ಲಿ ಮತ್ತೆ ಕೌದಿ ಹೊಲಿಯುತ್ತಿದ್ದಳು. ಕಣ್ಣು ಮಂಜು, ಸೂಜಿಯ ಕಣ್ಣು ಸಿಗುತ್ತಿರಲಿಲ್ಲ. ಗಾದಿ ಹೋಗಿ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟಳು. ಗಂಗಕ್ಕ ಬೇಡ ಎನ್ನಲಿಲ್ಲ, ಶಹಬ್ಬಾಸ್ ಎನ್ನಲೂ ಇಲ್ಲ. ದಾರ ಮುಗಿದಾಗ ಸೂಜಿಯನ್ನು ಅವಳ ಕಡೆ ಚಾಚುತ್ತಿದ್ದಳು, ಅಷ್ಟೇ.

ಒಂದು ದಿನ ಗಾದಿ ಹಸಿರು ಅಂಚಿನ ಲಂಗವನ್ನು ಮಡಿಸಿ ತಂದು ಗಂಗಕ್ಕನ ಮುಂದಿಟ್ಟಳು.

"ಇದೇನು?"

"ಕೂಸಿನ ಕೌದಿಗೆ."

ಗಂಗಕ್ಕ ಲಂಗವನ್ನು ಹಿಂದುಮುಂದು ತಿರುಗಿಸಿ ನೋಡಿದಳು. "ಬಟ್ಟಿ ಗಟ್ಟಿ ಐತಿ" ಎಂದಳು. ಆಮೇಲೆ ಕತ್ತರಿ ಎತ್ತಿಕೊಂಡು ಪರ್ರನೆ ನಡುವೆ ಸೀಳಿದಳು. ಗಾದಿ ಮುಖ ತಿರುಗಿಸಲಿಲ್ಲ.

"ಅಂಚು ಸುತ್ತೂ ಇಡೋಣು. ಛಂದ ಕಾಣ್ತೈತಿ" ಎಂದಳು ಗಂಗಕ್ಕ. ಎಷ್ಟೋ ದಿನಕ್ಕೆ ಅವಳು ಆಡಿದ ದೊಡ್ಡ ಮಾತು ಅದೇ.

ಮುಂದಿನ ಶುಕ್ರವಾರ ಬಂತು. ಬೆಳಕು ಹರಿಯುವ ಮುಂಚೆಯೇ ಗಾದಿ ಕಟ್ಟೆಯಿಂದ ಕೊಡ ಇಳಿಸಿಕೊಂಡು ಬಾವಿಗೆ ಹೋದಳು. ಅಲ್ಲಿ ಹುಸೇನಮ್ಮ ಇದ್ದಳು. ಒಬ್ಬಳೇ ಎಳೆದರೆ ಹಗ್ಗ ಜಾರುತ್ತಿತ್ತು. ಹುಸೇನಮ್ಮ ಬಂದು ಹಗ್ಗದ ಹಿಂದಿನ ತುದಿ ಹಿಡಿದಳು. ಇಬ್ಬರೂ ಸೇರಿ ಎಳೆದರು. ಗಾದಿ ಕೊಡದ ಕುತ್ತಿಗೆಗೆ ಹೊಸ ಕೆಮ್ಮಣ್ಣಿನ ಪಟ್ಟಿ ಬಳಿದು, ಬಾಗಿಲ ಪಕ್ಕ ಇಟ್ಟು, ಹೊಸ ಮುಚ್ಚಳ ಮುಚ್ಚಿದಳು.

ಸಂಜೆ ಮೌಲಾಲಿ ಕೆಂಪು ರುಮಾಲು ಹಿಡಿದುಕೊಂಡು ಬಂದ. "ಬೇರೆ ಯಾರ ತಲೀಗೂ ಇದು ಸರಿ ಕೂಡವಲ್ದು ಮಾರಣ್ಣಾ. ನಮ್ಮ ಪಕೀರಪ್ಪಗ ಕಣ್ಣಿನ ತನಕ ಇಳೀತೈತಿ" ಎಂದು ನಗುತ್ತ ತಾನೇ ಸುತ್ತಿದ. ಮಾರಣ್ಣ ಬೇಡ ಬೇಡ ಎನ್ನುತ್ತಲೇ ತಲೆ ಬಗ್ಗಿಸಿದ.

ಗಾದಿ ಬಾಗಿಲಿಗೆ ಬಂದು ನಿಂತಳು. ಗಂಗಕ್ಕನ ಗುಡಿಸಲ ಮೇಲೆ ಹೊಸ ಹುಲ್ಲು ಹಳದಿಯಾಗಿ ಹೊಳೆಯುತ್ತಿತ್ತು. ಆ ಗುಡಿಸಲ ಬಾಗಿಲಲ್ಲೂ ತುಂಬಿದ ಕೊಡ ಇತ್ತು. ಅಪ್ಪ ಚಪ್ಪಲಿ ಮೆಟ್ಟಿ, ಎಂದಿನ ಹಾಗೆ ತನ್ನ ಮನೆಯ ಕೊಡದ ಕಡೆ ನೋಡದೆ, ಗಂಗಕ್ಕನ ಬಾಗಿಲ ಕಡೆಗೆ ಹೆಜ್ಜೆ ಹಾಕಿದ.

"ಅಪ್ಪಾ."

ಮಾರಣ್ಣ ತಿರುಗಿದ.

"ನಮ್ಮದು ಬಡೀಲಿಲ್ಲ ನೀನು."

"ತುಂಬೀಯಲ್ಲ?"

"ತುಂಬೀನಿ. ಆದ್ರೂ ಬಡಿ."

ಅಪ್ಪ ವಾಪಸು ಬಂದು, ಕೊಡದ ಮುಂದೆ ಬಗ್ಗಿದ. ತುಂಬಿದವಳು ಅವಳೇ, ಅಂಚಿನವರೆಗೆ ನೀರು ಇದ್ದದ್ದನ್ನು ಕಂಡವಳು ಅವಳೇ. ಆದರೂ ಅಪ್ಪನ ಗೆಣ್ಣು ತಾಗುವವರೆಗೆ ಗಾದಿ ಉಸಿರು ಬಿಡಲಿಲ್ಲ.

ದಬ್.

ಅಪ್ಪ ತಲೆಯಾಡಿಸಿ ಎದ್ದ. ಗಂಗಕ್ಕನ ಬಾಗಿಲಿಗೆ ಹೋದ, ಅಲ್ಲಿಂದ ಮುಂದಿನ ಮನೆಗೆ ಹೋದ. ಸದ್ದು ಓಣಿಯುದ್ದಕ್ಕೂ ದೂರ ದೂರ ಆಗುತ್ತ ಹೋಯಿತು. ಮೌಲಾಲಿಯ ಮನೆಯವರೆಗೂ ಗಾದಿ ಬಾಗಿಲಿಗೆ ಒರಗಿ ಕೇಳುತ್ತ ನಿಂತಿದ್ದಳು.

ಮರುದಿನ ಅಪ್ಪನನ್ನು ಅವಳು ಕರೆಯಬೇಕಾಗಲಿಲ್ಲ.